ಗೊಣಗಿನ ರಸ: ‘ಒಡಲಾಳ’ದ ಸಾಕವ್ವ ಮತ್ತು ಬಯಲುಸೀಮೆಯ ದೂರುಮಾತು

ಜನಪದ ಸಾಹಿತ್ಯದ ಅಧ್ಯಯನದಲ್ಲಿ ಹಾಡು, ಕತೆ, ಗಾದೆ, ಒಗಟು, ಕಾವ್ಯ, ಆಟ ಎಂಬ ವರ್ಗೀಕರಣ ನೆಲೆಗೊಂಡು ಬಹುಕಾಲವಾಯಿತು. ಬೈಗುಳಕ್ಕೂ ಅಲ್ಲಲ್ಲಿ ಒಂದು ಸಣ್ಣ ಅಧ್ಯಾಯ ದೊರೆತಿದೆ. ಆದರೆ ಜಗುಲಿಯಲ್ಲಿ, ಕಣದಲ್ಲಿ, ನೀರಿನ ಸರದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಡೆಬಿಡದೆ ನಡೆಯುವ ಒಂದು ಬಗೆಯ ಮಾತಿಗೆ ಈ ವರ್ಗೀಕರಣದಲ್ಲಿ ಜಾಗವಿಲ್ಲ. ಅದು ಗೊಣಗು. ಗೊಣಗುವವರನ್ನು ಕಂಡರೆ ಮನೆಯವರು ಎದ್ದು ಹೋಗುತ್ತಾರೆ, ಸಂಶೋಧಕರು ಧ್ವನಿಮುದ್ರಣ ಯಂತ್ರವನ್ನು ನಿಲ್ಲಿಸುತ್ತಾರೆ. ಹೀಗಿದ್ದೂ ಕನ್ನಡದ ಒಂದು ಶ್ರೇಷ್ಠ ಕಿರುಕಾದಂಬರಿ ನಿಂತಿರುವುದು ಇಂಥ ಗೊಣಗಿನ ಮೇಲೆ. ದೇವನೂರ ಮಹಾದೇವ ಅವರ ‘ಒಡಲಾಳ’ದ ಸಾಕವ್ವ ಕತೆಯುದ್ದಕ್ಕೂ ಮಾಡುವುದು ಮುಖ್ಯವಾಗಿ ದೂರುವ ಕೆಲಸವನ್ನೇ. ನಾವು ಅದನ್ನು ಓದಿ ನಗುತ್ತೇವೆ. ಈ ನಗುವಿನ ಸ್ವರೂಪವೇನು, ಅದು ಓದುಗನಿಗೆ ಒಪ್ಪುವಂಥದ್ದೇ ಎಂಬ ಪ್ರಶ್ನೆಯನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮೌಖಿಕ ಸಂಪ್ರದಾಯದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಒಡಲಾಳ’ ನಂಜನಗೂಡು ಸೀಮೆಯ ಭಾಷೆಯಲ್ಲಿ ಹುಟ್ಟಿದ ಕೃತಿ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೂ ಅದನ್ನು ಇಲ್ಲಿಟ್ಟುಕೊಂಡು ಓದುವುದಕ್ಕೆ ಕಾರಣವಿದೆ. ಒಂದು ಸೀಮೆಯ ದೂರುಮಾತಿಗೆ ಕಿವಿ ಪಳಗಿದ ಓದುಗನಿಗೆ ಇನ್ನೊಂದು ಸೀಮೆಯ ದೂರುಮಾತಿನ ಕಟ್ಟಡ ಸುಲಭವಾಗಿ ಕಾಣಿಸುತ್ತದೆ. ‘ಒಡಲಾಳ’ದ ವಿಮರ್ಶೆ ಹೆಚ್ಚಾಗಿ ದಲಿತ ಸಂವೇದನೆ, ಹಸಿವು, ಆಡುಭಾಷೆಯ ಬಳಕೆ ಎಂಬ ನೆಲೆಗಳಲ್ಲಿ ನಡೆದಿದೆ. ಅವೆಲ್ಲವೂ ಅಗತ್ಯವಾದ ಓದುಗಳೇ. ಆದರೆ ಕೃತಿಯನ್ನು ಸವಿಯುವ ಬಗೆ ಯಾವುದು ಎಂಬ ಪ್ರಶ್ನೆ ಅಲ್ಲಿ ಹಿಂದೆ ಸರಿದಿದೆ. ಹಸಿವಿನ ಕತೆಯನ್ನು ಸವಿದೆ ಎಂದು ಹೇಳಿಕೊಳ್ಳಲು ವಿಮರ್ಶಕನಿಗೆ ಸಂಕೋಚವಾಗುವುದು ಸಹಜ. ಆ ಸಂಕೋಚವನ್ನೇ ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳಲಾಗಿದೆ.

1

ದೂರುವ ಕ್ರಿಯೆಗೆ ಕನ್ನಡದಲ್ಲಿರುವ ಪದಸಂಪತ್ತು ದೊಡ್ಡದು. ಗೊಣಗು, ವಟಗುಟ್ಟು, ಹಲುಬು, ಅಲವತ್ತುಕೊಳ್ಳು, ಕೊರಗು, ಮೂದಲಿಸು, ರಾಗ ತೆಗೆ, ಹುಯ್ಲಿಡು ಇವೆಲ್ಲವೂ ಒಂದೇ ಅರ್ಥದವಲ್ಲ. ವೀರಗಲ್ಲುಗಳ ಶಾಸನಗಳಲ್ಲಿ ಬರುವ ‘ಪುಯ್ಯಲ್’ ಎಂಬ ಮಾತು ತುರು ಹೋದಾಗ, ಊರಿಗೆ ಕಂಟಕ ಬಂದಾಗ ಏಳುವ ಕೂಗು. ಅದನ್ನು ಕೇಳಿದವನು ಆಯುಧ ಹಿಡಿದು ಓಡಬೇಕು. ಅದೇ ಮಾತು ಹುಯ್ಯಲು, ಹುಯ್ಲು ಆಗಿ ಇಂದಿಗೂ ಉಳಿದಿದೆ. ಆದರೆ ಓಡಿಬರುವವರು ಇಲ್ಲವಾಗಿದ್ದಾರೆ. ಕೇಳಿದವನನ್ನು ಎಬ್ಬಿಸುವ ಕೂಗಿಗೆ ಉತ್ತರ ಬರದೆ ಹೋದಾಗ ಅದು ಗೊಣಗಾಗುತ್ತದೆ. ಗೊಣಗು ಎಂದರೆ ಫಲದ ನಿರೀಕ್ಷೆಯನ್ನು ಬಿಟ್ಟುಕೊಟ್ಟ ದೂರು. ಆದ್ದರಿಂದಲೇ ಅದಕ್ಕೆ ಅಲಂಕಾರದ ಬಿಡುವು ಸಿಗುತ್ತದೆ. ಅರ್ಜಿ ಬರೆಯುವವನು ಅಧಿಕಾರಿಯ ಮುಖ ನೋಡಿ ಮಾತನ್ನು ಅಳೆಯಬೇಕು. ಗೊಣಗುವವಳಿಗೆ ಆ ಹಂಗಿಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ಗೊಣಗಿಗೆ ನೆಲದ ಕಾರಣಗಳೂ ಇವೆ. ಶಿರಾ, ಪಾವಗಡಗಳ ವಾರ್ಷಿಕ ಸರಾಸರಿ ಮಳೆ 600 ಮಿ.ಮೀ. ಆಸುಪಾಸಿನದು, ಅದೂ ಹೇಳಿದ ಕಾಲಕ್ಕೆ ಬರುವುದಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಮೂಲಕ ಹರಿದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ಹಲವು ವರ್ಷ ಮರಳಿನ ಹಾದಿಯಾಗಿಯೇ ಉಳಿಯುತ್ತದೆ. ಪಾವಗಡದಲ್ಲಿ ಕೊಳವೆಬಾವಿ ಕೊರೆದರೆ ನೀರಿನ ಜೊತೆಗೆ ಫ್ಲೋರೈಡ್ ಬರುತ್ತದೆ. ಮಳೆಯಾಶ್ರಿತ ಕಡಲೆಕಾಯಿ ಇಲ್ಲಿನ ಮುಖ್ಯ ಬೆಳೆ. ಅದು ಗಿಡದ ಬುಡದಲ್ಲಿ ಅಡಗಿರುವ ಬೆಳೆಯಾದ್ದರಿಂದ ಕೀಳುವವರೆಗೆ ಫಸಲು ಎಷ್ಟೆಂದು ತಿಳಿಯುವುದಿಲ್ಲ. ಮೇಲೆ ಹಸಿರು, ಕೆಳಗೆ ಜೊಳ್ಳು ಎಂಬ ಅನುಭವ ಈ ಜನಕ್ಕೆ ಹೊಸದಲ್ಲ. ಹೀಗೆ ನಂಬಿಕೆ ಇಟ್ಟುಕೊಳ್ಳದೆ ಬದುಕುವುದನ್ನು ಕಲಿತ ಸಮುದಾಯಗಳಲ್ಲಿ ದೂರುಮಾತು ಒಂದು ನಿತ್ಯದ ಕಲೆಯಾಗಿ ಬೆಳೆದಿದೆ.

ಕ್ಷೇತ್ರಕಾರ್ಯದಲ್ಲಿ ಕೇಳಿದ ಮಾತುಗಳ ಆಧಾರದ ಮೇಲೆ ಈ ಪ್ರಕಾರದ ಕೆಲವು ಲಕ್ಷಣಗಳನ್ನು ಹೀಗೆ ಗುರುತಿಸಬಹುದು. ಒಂದು, ದೂರು ಯಾರ ಮೇಲೋ ಅವರು ಎದುರಿಗಿರುವುದಿಲ್ಲ. ಎದುರಿಗಿರುವವನು ಕೇವಲ ನೆವ. ಎರಡು, ಅದು ಪಟ್ಟಿಯಾಗಿ ಬೆಳೆಯುತ್ತದೆ. ಸೊಸೆಯಿಂದ ಆರಂಭವಾಗಿ ಮಗ, ಮೇಕೆ, ಬಸ್ಸು, ಮಳೆ, ದೇವರವರೆಗೆ ಏರುತ್ತದೆ; ಮತ್ತೆ ಸೊಸೆಗೆ ಇಳಿಯುತ್ತದೆ. ಮೂರು, ಶಾಪವಿದ್ದರೂ ಅದು ತಟ್ಟಬೇಕೆಂಬ ಇಚ್ಛೆ ಇರುವುದಿಲ್ಲ. ಮಗನಿಗೆ ಮಣ್ಣು ಹಾಕುವ ಬಾಯಿಯೇ ಅವನಿಗೆ ಮುದ್ದೆ ಇಟ್ಟಿತೇ ಎಂದು ಕೇಳುತ್ತದೆ. ನಾಲ್ಕು, ಕೊನೆಯಲ್ಲಿ ಗೊಣಗುವವಳು ತನ್ನನ್ನೂ ಪಟ್ಟಿಗೆ ಸೇರಿಸಿಕೊಳ್ಳುತ್ತಾಳೆ. ಈ ನಾಲ್ಕನೆಯ ಲಕ್ಷಣ ಮುಖ್ಯವಾದುದು. ಬರಿಯ ಗೋಳಿಗೂ ರಸವುಳ್ಳ ಗೊಣಗಿಗೂ ಇರುವ ಗೆರೆ ಇದೇ.

2

ನನ್ನ ಪಿಎಚ್.ಡಿ. ಕ್ಷೇತ್ರಕಾರ್ಯದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಶಿರಾ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪನ ಪದಗಳನ್ನು ಸಂಗ್ರಹಿಸಲು ಹೋಗಿದ್ದೆ. ಅದೇ ತಾಲ್ಲೂಕಿನ ಕಳುವರಹಳ್ಳಿ ಜುಂಜಪ್ಪನ ಆರಾಧನೆಯ ಮುಖ್ಯ ಕೇಂದ್ರ. ಸೋದರಮಾವಂದಿರ ಹಗೆಗೆ ಗುರಿಯಾದ ಈ ವೀರನ ಕತೆಯನ್ನು ಗಣೆಯ ನಾದದೊಂದಿಗೆ ಹಾಡುವ ಪರಂಪರೆ ಇಂದಿಗೂ ಇದೆ. ಹಟ್ಟಿಯ ಒಬ್ಬ ಅಜ್ಜಿಗೆ ಪದಗಳು ಚೆನ್ನಾಗಿ ಬರುತ್ತವೆ ಎಂದು ಕೇಳಿ ಅವರ ಮುಂದೆ ಕುಳಿತೆ. ಅಜ್ಜಿ ಎರಡು ನುಡಿ ಹಾಡುವುದು, ನಡುವೆ ನಿಲ್ಲಿಸಿ ಹತ್ತು ನಿಮಿಷ ಗೊಣಗುವುದು. ನಾನು ಗೊಣಗು ಆರಂಭವಾದ ಕೂಡಲೇ ಯಂತ್ರವನ್ನು ನಿಲ್ಲಿಸುತ್ತಿದ್ದೆ, ಕ್ಯಾಸೆಟ್ ಉಳಿಯಬೇಕಲ್ಲ. ಊರಿಗೆ ಮರಳಿ ಕೇಳಿದಾಗ, ಬೆರಳು ತಡವಾದ ಕಡೆಯೆಲ್ಲ ಉಳಿದುಬಿಟ್ಟಿದ್ದ ಮಾತಿನ ಚೂರುಗಳು ಪದಗಳಿಗಿಂತ ಹೆಚ್ಚು ನನ್ನನ್ನು ಹಿಡಿದವು. ಒಂದು ಚೂರು ಹೀಗಿದೆ:

“ಸಾಯಾಣ ಅಂದ್ರೆ ನೆಲ ಕಲ್ಲಾಗೈತೆ ಕಣಪ್ಪ ಮೇಷ್ಟ್ರೇ. ಗುಂಡಿ ತೋಡಾಕೆ ಒಬ್ರೂ ಬರಾಕಿಲ್ಲ. ಮಳೆ ಬಂದ್ ಮ್ಯಾಲೆ ಸಾಯ್ತೀನಿ ಅಂತ ಕುಂತಿವ್ನಿ. ಆ ಮಳೆನೂ ಬರಾಕಿಲ್ಲ, ನಾನೂ ಸಾಯಾಕಿಲ್ಲ.”

ಇನ್ನೊಂದು ಚೂರು ಹೆರಿಗೆಯ ಮೈಲಿಗೆಯ ಕಾಲದ್ದು. ಬಾಣಂತಿಯನ್ನು ಕೂಸಿನೊಂದಿಗೆ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಿಸುವ ಪದ್ಧತಿ ಕಾಡುಗೊಲ್ಲರ ಹಟ್ಟಿಗಳಲ್ಲಿ ಇದ್ದುದು, ಕೆಲವೆಡೆ ಇನ್ನೂ ಪೂರ್ತಿ ಅಳಿಯದಿರುವುದು ತಿಳಿದ ಸಂಗತಿ. ಅಜ್ಜಿಯ ಮಾತು:

“ದೇವ್ರಿಗೆ ಮೈಲಿಗೆ ಆಗ್ತದೆ ಅಂತ ನನ್ನೂ ಕೂಸ್ನೂ ಆಚೆಗಿಟ್ರು. ರಾತ್ರಿ ಚಳಿಗೆ ಒಂದು ನಾಯಿ ಬಂದು ನಮ್ ಜತೆಗೇ ಮಲಗ್ತು. ಹೊತ್ತಾರೆ ಎದ್ದು ಹೋಗಿ ಗುಡಿ ಬಾಗ್ಲಾಗೆ ಮಲಗ್ತು. ಅದುಕ್ಕೆ ಮೈಲಿಗೆ ಇಲ್ವಂತೆ. ನಾಯಿ ಜಲ್ಮ ಕೊಡಪ್ಪಾ ಅಂತ ಕೇಳ್ಕಂಡೆ, ಅದ್ನೂ ಕೊಡ್ಲಿಲ್ಲ.”

ಅಜ್ಜಿ ಹಾಡಿದ ಪದದಲ್ಲಿ ದೇವರ ಮಹಿಮೆ ಇತ್ತು. ಆ ಮಹಿಮೆಯ ಬೆಲೆಯನ್ನು ತೆತ್ತವಳ ಲೆಕ್ಕ ಇದ್ದದ್ದು ಗೊಣಗಿನಲ್ಲಿ. ನಾನು ಹಾಡನ್ನು ‘ಪಠ್ಯ’ವೆಂದು ಮುದ್ರಿಸಿಕೊಂಡು, ಲೆಕ್ಕವನ್ನು ‘ಅಡಚಣೆ’ಯೆಂದು ಬಿಟ್ಟಿದ್ದೆ. ಅಲನ್ ಡಂಡಸ್ 1964ರಲ್ಲಿಯೇ ಜಾನಪದವನ್ನು ಹೆಣಿಗೆ, ಪಠ್ಯ, ಸಂದರ್ಭ ಎಂಬ ಮೂರು ನೆಲೆಗಳಲ್ಲಿ ನೋಡಬೇಕೆಂದು ವಾದಿಸಿದ್ದರು. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಆ ಮಾತನ್ನು ಕಲಿಸಿಯೂ ಇದ್ದರು. ಆದರೆ ಸಂದರ್ಭವೆಂದರೆ ಹಬ್ಬ, ಸ್ಥಳ, ಹಾಡುವವರ ವಯಸ್ಸು ಎಂದಷ್ಟೇ ತಿಳಿದು ನಮೂನೆ ತುಂಬಿದ ನನಗೆ, ಹಾಡಿಗೆ ಹಾಡುವವಳೇ ಬರೆಯುತ್ತಿದ್ದ ವ್ಯಾಖ್ಯಾನ ಕೇಳಿಸಲಿಲ್ಲ. ಈ ಅಜ್ಜಿಯ ಮಾತನ್ನು ಕೇಳಿದ ಮೇಲೆಯೇ ನನಗೆ ‘ಒಡಲಾಳ’ದ ಸಾಕವ್ವ ಬೇರೆ ರೀತಿಯಲ್ಲಿ ಕೇಳಿಸತೊಡಗಿದ್ದು.

3

1970ರ ದಶಕದ ಕೊನೆಯಲ್ಲಿ ಬಂದ ‘ಒಡಲಾಳ’ದ ಕಥಾಹಂದರ ಚಿಕ್ಕದು. ಸಾಕವ್ವನ ಹುಂಜ ಕಳೆದುಹೋಗಿದೆ. ಅದನ್ನು ಹುಡುಕುತ್ತ ಆಕೆ ಕೇರಿಯನ್ನೆಲ್ಲ ದೂರುತ್ತಾಳೆ. ಮನೆಯಲ್ಲಿ ಮಕ್ಕಳು, ಸೊಸೆಯರು, ಮೊಮ್ಮಕ್ಕಳ ನಡುವೆ ಆಕೆಯ ಬಾಯಿ ನಿಲ್ಲುವುದಿಲ್ಲ. ಸಾಹುಕಾರ ಎತ್ತಪ್ಪನ ಕಡಲೆಕಾಯಿ ಒಂದು ರಾತ್ರಿ ಆ ಮನೆಯನ್ನು ಸೇರುತ್ತದೆ. ಇಡೀ ಸಂಸಾರ ಒಲೆಯ ಸುತ್ತ ಕುಳಿತು ಅದನ್ನು ತಿಂದು ಮುಗಿಸುತ್ತದೆ. ಆಮೇಲೆ ಪೊಲೀಸರು ಬರುತ್ತಾರೆ. ಗೋಡೆಯ ಮೇಲೆ ಪುಟ್ಟಗೌರಿ ಬರೆದ ನವಿಲು ಈ ಎಲ್ಲವನ್ನೂ ನೋಡುತ್ತಿರುತ್ತದೆ.

ನಿರೂಪಣೆ ಸಾಕವ್ವನದಲ್ಲ, ಪ್ರಥಮ ಪುರುಷದ್ದು. ಆದರೆ ನಿರೂಪಕ ತನ್ನ ಮಾತನ್ನು ಆದಷ್ಟು ಕುಗ್ಗಿಸಿಕೊಂಡು ಸಾಕವ್ವನ ಬಾಯಿಗೆ ಜಾಗ ಬಿಟ್ಟಿದ್ದಾನೆ. ಕತೆಯ ಗತಿ ನಿರ್ಧಾರವಾಗುವುದು ಆಕೆಯ ದೂರಿನ ಏರಿಳಿತದಿಂದ. ಮೇಲೆ ಹೇಳಿದ ಲಕ್ಷಣಗಳು ಇಲ್ಲಿಯೂ ಇವೆ. ಕದ್ದವರು ಎದುರಿಗಿಲ್ಲ, ಯಾರು ಎಂಬುದೂ ತಿಳಿಯದು. ದೂರು ಹುಂಜದಿಂದ ಹೊರಟು ಮಕ್ಕಳ ಸ್ವಭಾವ, ಆಸ್ತಿಯ ಪಾಲಿನವರೆಗೆ ಹರಡುತ್ತದೆ. ಹಂಚಿಕೊಳ್ಳಲು ಏನೂ ಇಲ್ಲದ ಮನೆಯಲ್ಲಿ ಆಸ್ತಿಯ ಮಾತು ಏಳುವುದು ಕೃತಿಯ ಕರಿಹಾಸ್ಯದ ಒಂದು ಉತ್ತಮ ನಿದರ್ಶನ. ಮನೆಯ ಒಂದು ಮಗುವಿಗೆ ‘ದುಪ್ಪಟಿ ಕಮೀಷನರ್’ ಎಂಬ ಅಡ್ಡಹೆಸರಿದೆ. ಸರ್ಕಾರದ ದೊಡ್ಡ ಹುದ್ದೆ ಆ ಮನೆಯೊಳಗೆ ಬರುವುದು ಹೀಗೆ, ಬಾಯಲ್ಲಿ ಒಡೆದು, ಬಟ್ಟೆಯಿಲ್ಲದ ಮಗುವಿನ ಮೈಮೇಲೆ ಹೊದಿಕೆಯಾಗಿ. ಇನ್ನೊಂದು ರೂಪದಲ್ಲಿ ಸರ್ಕಾರ ಬರುವುದು ಪೊಲೀಸರಾಗಿ.

ಹುಂಜದ ಹುಡುಕಾಟಕ್ಕೆ ಜನಪದ ಕಥೆಯ ಹಿನ್ನೆಲೆಯೊಂದಿದೆ ಎಂಬುದನ್ನು ಗಮನಿಸಬೇಕು. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ, ತನ್ನ ಮನೆಯ ಕೆಂಡದಿಂದಲೇ ಊರಿನ ಒಲೆ ಉರಿಯುತ್ತದೆ ಎಂದು ನಂಬಿದ ಮುದುಕಿಯೊಬ್ಬಳು ಊರಿನ ಮೇಲೆ ಮುನಿಸಿಕೊಂಡು ಕೋಳಿಯನ್ನೂ ಕೆಂಡವನ್ನೂ ಎತ್ತಿಕೊಂಡು ಹೊರಟುಹೋಗುವ ಕತೆ ಕನ್ನಡದಲ್ಲಿ ಪ್ರಸಿದ್ಧವಾದುದು. ಆಂಧ್ರಪ್ರದೇಶದ ಗಡಿ ಬಹುಪಾಲು ಸುತ್ತುವರಿದಿರುವ ಪಾವಗಡದಲ್ಲಿ ಜನ ಎರಡೂ ಭಾಷೆಯಲ್ಲಿ ಬದುಕುವುದರಿಂದ, ತೆಲುಗಿನ ‘ಕೋಡಿ–ಕುಂಪಟಿ’ಯ ರೂಪದಲ್ಲಿಯೂ ಅದು ಪರಿಚಿತ. ಆ ಕತೆ ನಗುವುದು ಮುದುಕಿಯ ಜಂಬವನ್ನು ಕಂಡು. ನೀನಿಲ್ಲದಿದ್ದರೂ ಬೆಳಗಾಗುತ್ತದೆ ಎಂಬುದು ಅದರ ನೀತಿ. ಅಂದರೆ ಅದು ಊರಿನ ಪರವಾದ ಕತೆ.

‘ಒಡಲಾಳ’ದಲ್ಲಿ ಇದೇ ಆಶಯ ತಿರುವುಮುರುವಾಗಿದೆ. ಇಲ್ಲಿ ಮುದುಕಿ ಕೋಳಿಯನ್ನು ಎತ್ತಿಕೊಂಡು ಹೋಗಿಲ್ಲ. ಮುದುಕಿಯಿಂದಲೇ ಕೋಳಿ ಹೋಗಿದೆ. ಅದು ಕೂಗದಿದ್ದರೂ ಬೆಳಗಾಗುತ್ತದೆ ನಿಜ, ಆದರೆ ಆ ಬೆಳಗು ಈ ಮನೆಗೆ ತರುವುದು ಶೋಧನೆಯನ್ನು. ಒಂದು ಹುಂಜ ಕಳೆದದ್ದಕ್ಕೆ ಸಾಕವ್ವನ ಪಾಲಿಗೆ ಯಾವ ಠಾಣೆಯೂ ಇಲ್ಲ. ಸಾಹುಕಾರನ ಕಡಲೆಕಾಯಿ ಹೋದದ್ದಕ್ಕೆ ಠಾಣೆಯೇ ಮನೆಗೆ ಬರುತ್ತದೆ. ಎರಡು ಕಳವುಗಳನ್ನು ಅಕ್ಕಪಕ್ಕ ಇಟ್ಟು ಲೇಖಕರು ಸುಮ್ಮನಾಗುತ್ತಾರೆ; ವ್ಯಾಖ್ಯಾನ ಮಾಡುವುದಿಲ್ಲ. ಸಾಕವ್ವನ ಗೊಣಗು ಅಷ್ಟು ಹೊತ್ತು ನಮ್ಮನ್ನು ನಗಿಸಿದ್ದರಿಂದಲೇ ಈ ಅಸಮತೆ ವಾದವಾಗಿ ಅಲ್ಲದೆ ಅನುಭವವಾಗಿ ತಟ್ಟುತ್ತದೆ. ಆಕೆಯ ಹುಂಜದ ರಂಪ ಅತಿಯಾಯಿತು ಎಂದು ಓದುಗನಿಗೂ ಒಂದು ಗಳಿಗೆ ಅನ್ನಿಸಿರುತ್ತದೆ. ಪೊಲೀಸರು ಬಂದ ಮೇಲೆ, ಆ ಗಳಿಗೆಯಲ್ಲಿ ತಾನೂ ಠಾಣೆಯ ಪರವಾಗಿ ಯೋಚಿಸಿದ್ದೆ ಎಂದು ಅವನಿಗೆ ತಿಳಿಯುತ್ತದೆ.

ಕಡಲೆಕಾಯಿ ತಿನ್ನುವ ರಾತ್ರಿಯಲ್ಲಿ ದೂರು ತಣ್ಣಗಾಗುವುದನ್ನೂ ಗಮನಿಸಬೇಕು. ಎಲ್ಲರೂ ಒಂದೇ ಒಲೆಯ ಮುಂದೆ ಕುಳಿತಿದ್ದಾರೆ. ಬಾಯಿಗೆ ಬೇರೆ ಕೆಲಸ ಸಿಕ್ಕಿದೆ. ಪಾವಗಡ, ಮಧುಗಿರಿಯ ಕಡೆಯ ಓದುಗನಿಗೆ ಈ ದೃಶ್ಯ ಕೊಡುವ ಸುಖ ಬೇರೆಯದೇ. ಕಡಲೆಕಾಯಿಯನ್ನು ಬಿತ್ತಿ, ಕಿತ್ತು, ಬಿಡಿಸಿ, ಒಣಗಿಸಿ ಮೂಟೆ ಕಟ್ಟಿ ಮಂಡಿಗೆ ಕಳಿಸುವ ಕೂಲಿಯವರು ಅದನ್ನು ಹೊಟ್ಟೆತುಂಬ ತಿನ್ನುವುದು ಅಪರೂಪ. ಇಲ್ಲಿ ಅವರು ಎಣಿಸದೆ ತಿನ್ನುತ್ತಾರೆ. ಗೊಣಗಿನ ಹಿಂದೆ ಇದ್ದದ್ದು ಸ್ವಭಾವದೋಷವಲ್ಲ, ಹಸಿವು ಎಂಬುದನ್ನು ಆ ಒಂದು ರಾತ್ರಿಯ ಮೌನ ಹೇಳುತ್ತದೆ.

4

ದೂರುಗಾರರೆಲ್ಲ ಒಂದೇ ಬಗೆಯವರಲ್ಲ ಎಂಬುದು ಸ್ಪಷ್ಟವಾಗಲು ಕನ್ನಡದ ಇನ್ನೊಂದು ಕೃತಿಯನ್ನು ಇಲ್ಲಿ ನೆನೆಯಬಹುದು. 2013ರಲ್ಲಿ ಪ್ರಕಟವಾದ ವಿವೇಕ ಶಾನಭಾಗ ಅವರ ‘ಘಾಚರ್ ಘೋಚರ್’ ಉತ್ತಮಪುರುಷ ನಿರೂಪಣೆಯ ಕೃತಿ. ಬೆಂಗಳೂರಿನ ಕಾಫಿ ಹೌಸಿನಲ್ಲಿ ಕುಳಿತ ನಿರೂಪಕ ತನ್ನ ಮನೆಯ ಕತೆ ಹೇಳುತ್ತಾನೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಸಂಸಾರ ಬಡತನವನ್ನು ದಾಟಿದೆ. ಇವನು ಹೆಸರಿಗೆ ಮಾತ್ರ ವ್ಯವಹಾರದಲ್ಲಿದ್ದಾನೆ. ಅವನ ಗೊಣಗು ಸಾಕವ್ವನದರಂತೆ ಬೀದಿಗೆ ಕೇಳುವುದಲ್ಲ. ಮೆಲುದನಿಯದು, ಸಭ್ಯವಾದುದು, ಓದುಗನ ಕಿವಿಗೆ ಮಾತ್ರ ಹೇಳಿದ್ದು. ಅದೂ ನಮ್ಮನ್ನು ನಗಿಸುತ್ತದೆ. ಹಳೆಯ ಮನೆಯ ಇರುವೆಗಳ ಮೇಲೆ ಸಂಸಾರ ಸಾರುವ ಯುದ್ಧದ ಭಾಗ ಕನ್ನಡದ ಕರಿಹಾಸ್ಯದ ಒಳ್ಳೆಯ ಪುಟಗಳಲ್ಲೊಂದು. ಆದರೆ ಕತೆ ಮುಂದುವರಿದಂತೆ, ಇವನ ದೂರೆಲ್ಲವೂ ತಾನು ಏನನ್ನೂ ಮಾಡದಿರುವುದಕ್ಕೆ ಹೂಡಿದ ನೆಪ ಎಂದು ಅನುಮಾನವಾಗುತ್ತದೆ. ಮನೆಬಾಗಿಲಿಗೆ ಬಂದ ಹೆಂಗಸೊಬ್ಬಳನ್ನು ಮನೆಯವರು ಅವಮಾನಿಸಿದಾಗ ಅವನು ಸುಮ್ಮನಿರುತ್ತಾನೆ. ಕೊನೆಗೆ ಓದುಗ ತನ್ನ ನಗುವನ್ನೇ ಹಿಂತೆಗೆದುಕೊಳ್ಳಬೇಕಾಗುತ್ತದೆ.

ಜಗತ್ತಿನ ಸಾಹಿತ್ಯದಲ್ಲಿ ಇಂಥ ಕುಳಿತ ದೂರುಗಾರರ ಪರಂಪರೆ ದೊಡ್ಡದು. ದಾಸ್ತೊಯೆವ್‌ಸ್ಕಿಯ 1864ರ ಕೃತಿಯ ನೆಲಮಾಳಿಗೆಯ ಮನುಷ್ಯನಿಂದ ಹಿಡಿದು ಆಸ್ಟ್ರಿಯಾದ ಥಾಮಸ್ ಬರ್ನ್‌ಹಾರ್ಡ್‌ನ ನಿರೂಪಕರವರೆಗೆ, ಕುರ್ಚಿ ಬಿಟ್ಟು ಏಳದೆ ಲೋಕವನ್ನೆಲ್ಲ ಹಳಿಯುವವರನ್ನು ನಾವು ಕಾಣುತ್ತೇವೆ. ಅವರ ದೂರಿಗೆ ಬಿಡುವು ಬೇಕು. ಆ ಬಿಡುವನ್ನು ಯಾರೋ ದುಡಿದು ಕೊಟ್ಟಿರುತ್ತಾರೆ. ಸಾಕವ್ವನ ದೂರಿಗೆ ಕುರ್ಚಿ ಇಲ್ಲ. ಆಕೆ ನಡೆಯುತ್ತ, ಹುಡುಕುತ್ತ, ಒಲೆ ಹಚ್ಚುತ್ತ ದೂರುತ್ತಾಳೆ. ನಮ್ಮ ಸೀಮೆಯ ಗಾದೆಯೊಂದು ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತದೆ. ಅದು ಕಾಫಿ ಹೌಸಿನ ನಿರೂಪಕನಿಗೆ ಸರಿಯಾಗಿ ಒಪ್ಪುತ್ತದೆ. ಸಾಕವ್ವನ ವಿಷಯದಲ್ಲಿ ಗಾದೆ ಸೋಲುತ್ತದೆ. ಆಕೆ ಡೊಂಕು ನೆಲದ ಮೇಲೆಯೇ ಕುಣಿಯುತ್ತಿದ್ದಾಳೆ, ನೆಲ ನಿಜವಾಗಿಯೂ ಡೊಂಕಾಗಿದೆ.

5

ಈಗ ಮೊದಲ ಪ್ರಶ್ನೆಗೆ ಮರಳಬಹುದು. ಇದನ್ನು ಸವಿಯುವುದು ಸರಿಯೇ? ಬಡವರ ಬವಣೆಯನ್ನು ಓದಿ ನಗುವ ಅನುಕೂಲಸ್ಥ ಓದುಗನ ಬಗ್ಗೆ ಎದ್ದಿರುವ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಿರಾದ ಅಜ್ಜಿಯ ಮಾತನ್ನು ವಿಚಾರ ಸಂಕಿರಣವೊಂದರಲ್ಲಿ ನಾನು ಓದಿದಾಗ ಸಭೆ ನಕ್ಕಿತು. ನನಗೆ ಸಂತೋಷವಾಯಿತು, ಹಿಂದೆಯೇ ನಾಚಿಕೆಯೂ ಆಯಿತು. ಮಳೆ ಬಾರದ್ದರಿಂದ ಸಾಯದೆ ಉಳಿದವಳ ಮಾತಿಗೆ ಮಳೆಯ ಚಿಂತೆಯಿಲ್ಲದ ಸಭಾಂಗಣದಲ್ಲಿ ಚಪ್ಪಾಳೆ ಬಿದ್ದಿತ್ತು.

ಆದರೆ ಒಂದು ಮಾತನ್ನು ಮರೆಯಬಾರದು. ಅಜ್ಜಿ ಆ ಮಾತನ್ನು ಹೇಳಿದ್ದು ನಗಿಸುವುದಕ್ಕಾಗಿಯೇ. ‘ಆ ಮಳೆನೂ ಬರಾಕಿಲ್ಲ’ ಎಂದು ಒಂದು ಕ್ಷಣ ನಿಲ್ಲಿಸಿ, ನನ್ನ ಮುಖ ನೋಡಿ, ‘ನಾನೂ ಸಾಯಾಕಿಲ್ಲ’ ಎಂದರು. ಧ್ವನಿಮುದ್ರಣದಲ್ಲಿ ಆ ವಿರಾಮ ಕೇಳಿಸುತ್ತದೆ. ಹಿಂದೆ ಸೊಸೆ ನಕ್ಕದ್ದೂ ಕೇಳಿಸುತ್ತದೆ. ತನ್ನ ಮಾತಿನ ರಸವನ್ನು ತಾನೇ ಬಲ್ಲ ಕಲಾವಿದೆಯ ಮುಂದೆ ಗಂಭೀರವಾಗಿ ಕುಳಿತು ಮರುಕಪಡುವುದು ಆಕೆಯ ಕಲೆಯನ್ನು ಅಲ್ಲಗಳೆದಂತೆ. ಕರುಣೆ ಆಕೆಯನ್ನು ವಸ್ತುವಾಗಿ ನೋಡುತ್ತದೆ; ನಗು ಆಕೆಯನ್ನು ಮಾತುಗಾರ್ತಿಯಾಗಿ ಒಪ್ಪುತ್ತದೆ. ತಪ್ಪಾಗುವುದು ನಗುವಿನಲ್ಲಿಯೇ ನಿಂತಾಗ. ಸಾಕವ್ವನನ್ನು ಸವಿಯುವ ಓದುಗ ಹುಂಜದ ದೂರಿಗೆ ಠಾಣೆ ಏಕಿಲ್ಲ ಎಂಬ ಪ್ರಶ್ನೆಯವರೆಗೆ ನಡೆಯಬೇಕು. ಅಲ್ಲಿಯವರೆಗೆ ಕರೆದೊಯ್ಯುವ ಶಕ್ತಿ ಆ ನಗುವಿಗೇ ಇದೆ ಎಂಬುದು ‘ಒಡಲಾಳ’ದ ಸಾಧನೆ.

ಎ.ಕೆ. ರಾಮಾನುಜನ್ ಅವರು ತಮ್ಮ ಭಾರತೀಯ ಜನಪದ ಕಥೆಗಳ ಸಂಕಲನದಲ್ಲಿ (1991) ಸೇರಿಸಿದ ತಮಿಳು ಕತೆಯೊಂದಿದೆ. ಮಕ್ಕಳು, ಸೊಸೆಯರ ಕಾಟವನ್ನು ಯಾರಿಗೂ ಹೇಳಲಾಗದ ವಿಧವೆಯೊಬ್ಬಳು ದಿನದಿನಕ್ಕೂ ಊದಿಕೊಳ್ಳುತ್ತಾಳೆ. ಒಂದು ದಿನ ಪಾಳುಮನೆಯೊಂದನ್ನು ಹೊಕ್ಕು ಗೋಡೆಗಳಿಗೆ ತನ್ನ ದೂರನ್ನು ಹೇಳುತ್ತಾಳೆ. ಒಂದೊಂದು ದೂರಿಗೂ ಒಂದೊಂದು ಗೋಡೆ ಕುಸಿಯುತ್ತದೆ; ಅವಳ ಮೈ ಹಗುರಾಗುತ್ತದೆ. ಈ ಕತೆಯನ್ನು ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂಬ ಅರ್ಥದಲ್ಲಿ ಸಾಮಾನ್ಯವಾಗಿ ಓದಲಾಗುತ್ತದೆ. ಗೋಡೆಯ ಕಡೆಯಿಂದಲೂ ಅದನ್ನು ಓದಬೇಕು. ಕೇಳಿದವರು ಕೇಳುವ ಮೊದಲಿನಂತೆಯೇ ನಿಂತಿರಲು ಸಾಧ್ಯವಿಲ್ಲ. ಕೇಳಿಯೂ ಕುಸಿಯದ ಗೋಡೆ ನಿಜವಾಗಿ ಕೇಳಿಲ್ಲ.

ಪಾವಗಡದ ಗುಡ್ಡಗಳ ನಡುವೆ ಇಂದು ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನ ಹಬ್ಬಿದೆ. ರೈತರು ಭೂಮಿಯನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಕಡಲೆಕಾಯಿ ಬಿತ್ತುತ್ತಿದ್ದ ಹೊಲದಲ್ಲಿ ಫಲಕಗಳು ನಿಂತಿವೆ. ಅಂದು ಮೋಡ ಬರಲಿಲ್ಲ ಎಂದು ಗೊಣಗುತ್ತಿದ್ದ ನೆಲದಲ್ಲಿ ಇಂದು ಬಿಸಿಲೇ ಬೆಳೆಯಾಗಿದೆ. ಗುತ್ತಿಗೆಯ ಹಣ ಬರುವ ಜಮೀನಿನವರ ಮಾತು, ಕೂಲಿ ತಪ್ಪಿದ ಜಮೀನಿಲ್ಲದವರ ಮಾತು ಬೇರೆಬೇರೆಯಾಗಿರುತ್ತವೆ. ಅವು ವರದಿಗಳಲ್ಲಿ ಅಂಕಿಗಳಾಗಿ ದಾಖಲಾಗುತ್ತವೆ; ಜಗುಲಿಯ ಗೊಣಗಾಗಿ ದಾಖಲಾಗುವುದಿಲ್ಲ. ಆ ಕೆಲಸ ಜಾನಪದ ಸಂಶೋಧಕನದು.

ನಮ್ಮ ಅಕಾಡೆಮಿಗಳ, ವಿಶ್ವವಿದ್ಯಾನಿಲಯಗಳ ಧ್ವನಿಭಂಡಾರಗಳಲ್ಲಿರುವ ಹಳೆಯ ಮುದ್ರಣಗಳನ್ನು ಮತ್ತೊಮ್ಮೆ ಕೇಳಬೇಕಾಗಿದೆ. ಹಾಡು ನಿಂತ ಮೇಲೆ, ಯಂತ್ರ ನಿಲ್ಲುವ ಮೊದಲು ಉಳಿದಿರುವ ಕೆಲವು ಕ್ಷಣಗಳ ಮಾತನ್ನು ಬರೆದುಕೊಳ್ಳಬೇಕು, ಅದಕ್ಕೊಂದು ಪ್ರಕಾರದ ಹೆಸರು ಕೊಡಬೇಕು. ಹೊಸದಾಗಿ ಕ್ಷೇತ್ರಕ್ಕೆ ಹೋಗುವವರು ಯಂತ್ರವನ್ನು ನಿಲ್ಲಿಸದಿರಬೇಕು. ‘ಒಡಲಾಳ’ದ ಲೇಖಕರು ಕೇರಿಯ ಗೊಣಗನ್ನು ಸಾಹಿತ್ಯವೆಂದು ಕೇಳಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಸಂದಿದೆ. ಶಿರಾದ ಆ ಹಟ್ಟಿಗೆ ಕೆಲವು ವರ್ಷಗಳ ನಂತರ ನಾನು ಮತ್ತೆ ಹೋದೆ. ಅಜ್ಜಿ ತೀರಿಕೊಂಡಿದ್ದರು. ಮಳೆ ಬಂದಿತ್ತೇ ಎಂದು ಕೇಳಿದೆ. ಎರಡು ದಿನ ಹಿಂದೆ ಒಂದು ಹದ ಬಂದಿತ್ತು ಎಂದು ಸೊಸೆ ಹೇಳಿದರು.